ಅಕ್ರಾದ ವಸ್ತುಸಂಗ್ರಹಾಲಯದಲ್ಲಿ

ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿದ್ದೀತು. ಅಕ್ಕಸಾಲಿಗರ ಮನೆಯ ಜಗಲಿಯಲ್ಲಿ ಕುಳಿತು ಏನನ್ನಾದರೂ ತೂಗಿಸಿದರೆ, ಚಿಕ್ಕ ತಕ್ಕಡಿಯ ಒಂದು ತಟ್ಟೆಯಲ್ಲಿ ಮೂಗುಬೊಟ್ಟು, ಇನ್ನೊಂದರಲ್ಲಿ ನಾಲ್ಕಾರು ಗುಲಗಂಜಿ. ಕೆಂಪು ಮೈ, ತುದಿಯಲ್ಲೊಂದು ಕಪ್ಪು ಬೊಟ್ಟು. ಮಕ್ಕಳಾದ ನಾವು ಅದರ ಮೇಲೆ ಕೈಯಿಟ್ಟರೆ ಅಕ್ಕಸಾಲಿಗರು ಗದರುತ್ತಿದ್ದರು. ನಮ್ಮ ತಾಯಿ ತಮ್ಮ ಓಲೆಯ ಚಿನ್ನವನ್ನು ಕಡೆಯವರೆಗೂ ಗುಲಗಂಜಿಯಲ್ಲೇ ಹೇಳುತ್ತಿದ್ದರು. ಗ್ರಾಮಿನ ಲೆಕ್ಕ ಅವರ ಬಾಯಿಗೆ ಬರಲೇ ಇಲ್ಲ.

ನಾನು ಮರೆತಿದ್ದ ಆ ಬೀಜ ಮತ್ತೆ ನನಗೆ ಎದುರಾದದ್ದು ಎಲ್ಲಿ ಎಂದು ನೀವು ಊಹಿಸಲಾರಿರಿ. ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾ ನಗರದಲ್ಲಿ. ಅಳಿಯನ ಉದ್ಯೋಗದ ನಿಮಿತ್ತ ನನ್ನ ಮಗಳು ಅಲ್ಲಿ ಸಂಸಾರ ಹೂಡಿದ್ದಾಳೆ. ಬೇಸಗೆಯ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಹೆಂಗಸರು ಮಾರುಕಟ್ಟೆಗೆ ಹೊರಟ ಒಂದು ಬೆಳಗ್ಗೆ ನಾನು ಬಾರ್ನ್ಸ್ ರಸ್ತೆಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂದೆ ಇಳಿದುಕೊಂಡೆ.

ಒಳಗೆ ಕರೆದೊಯ್ಯುವುದಕ್ಕೆ ಮೊದಲು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನು ಓದಿದ್ದು ಕನ್ನಡ ಪಂಡಿತ ಪರೀಕ್ಷೆಗೆ. ಆದರೆ ಚಿಕ್ಕ ಊರುಗಳ ಪ್ರೌಢಶಾಲೆಗಳಲ್ಲಿ ಚರಿತ್ರೆಯ ಮೇಷ್ಟರು ಇಲ್ಲದ ವರ್ಷಗಳೇ ಹೆಚ್ಚು. ಅಂಥ ವರ್ಷಗಳಲ್ಲಿ ಆ ತರಗತಿಗಳೂ ನನ್ನ ಪಾಲಿಗೆ ಬರುತ್ತಿದ್ದುವು. ಆಫ್ರಿಕದ ಪಾಠ ಬಂದಾಗ ಕಪ್ಪು ಹಲಗೆಯ ಮೇಲೆ ‘ಕತ್ತಲೆಯ ಖಂಡ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಬಿಳಿಯರು ಬರೋದಕ್ಕೆ ಮುಂಚೆ ಅಲ್ಲಿ ರಾಜರು ಇರಲಿಲ್ಲವಾ?” ಎಂದು ಕೇಳಿದ. “ಇದ್ದಿರಬಹುದು. ಬರೆದಿಟ್ಟವರಿಲ್ಲ. ಬರೆದಿಡದ ಮೇಲೆ ಚರಿತ್ರೆ ಎಲ್ಲಿಂದ ಬಂತು, ಕೂತುಕೋ” ಎಂದೆ. ಶಾಸನ, ತಾಳೆಗರಿ, ಹಸ್ತಪ್ರತಿಗಳ ನಡುವೆ ಬೆಳೆದವನಿಗೆ ಆ ಉತ್ತರ ಸಹಜವಾಗಿಯೇ ಬಂದಿತ್ತು. ಹುಡುಗ ಕುಳಿತುಕೊಂಡ. ಅವನ ಹೆಸರು ಈಗ ನೆನಪಿಲ್ಲ; ಪ್ರಶ್ನೆ ಮಾತ್ರ ನೆನಪಿದೆ.

ಸಂಗ್ರಹಾಲಯದ ಕಟ್ಟಡ ದೊಡ್ಡದೇನಲ್ಲ. ಅಲ್ಯೂಮಿನಿಯಮ್ಮಿನ ಒಂದು ಗುಮ್ಮಟ, ಅದರಡಿ ದುಂಡನೆಯ ಹಜಾರ. ನಕ್ಷೆ ತಯಾರಿಸಿದವನು ಆಮೇಲೆ ಇಂಗ್ಲೆಂಡಿನಲ್ಲಿ ಹೆಸರಾದ ಡೆನಿಸ್ ಲಾಸ್ಡನ್. ನಡುವೆ ಕೆಲವು ವರ್ಷ ದುರಸ್ತಿಗಾಗಿ ಮುಚ್ಚಿದ್ದು ೨೦೨೨ರಲ್ಲಿ ಮತ್ತೆ ತೆರೆಯಿತು. ಆದರೆ ನಿಮಗೆ ಹೇಳಬೇಕಾದದ್ದು ಮೊದಲ ಸಲ ತೆರೆದ ದಿನದ ಮಾತು. ಅದು ೧೯೫೭ರ ಮಾರ್ಚಿ ೫. ಮರುದಿನ, ಮಾರ್ಚಿ ೬ರಂದು, ‘ಗೋಲ್ಡ್ ಕೋಸ್ಟ್’ ಎಂಬ ಆಂಗ್ಲರ ವಸಾಹತು ಕ್ವಾಮೆ ಎನ್‌ಕ್ರೂಮಾ ಅವರ ನೇತೃತ್ವದಲ್ಲಿ ಸ್ವತಂತ್ರವಾಗಿ ಘಾನಾ ಎಂಬ ಹೆಸರನ್ನು ಪಡೆಯಿತು. ಎಂದರೆ ಆ ದೇಶಕ್ಕಿಂತ ಅದರ ವಸ್ತುಸಂಗ್ರಹಾಲಯ ಒಂದು ದಿನ ಹಿರಿಯದು! ಗೃಹಪ್ರವೇಶಕ್ಕೆ ಮುಂಚೆ ಹಿರಿಯರ ಪಟಗಳನ್ನು ತಂದು ಗೋಡೆಗೆ ತಗುಲಿಸಿದ ಹಾಗೆ ಎಂದು ನನಗೆ ತೋರಿತು. ಆ ಮೊದಲ ಸಂಗ್ರಹವನ್ನು ಒಪ್ಪವಾಗಿ ಜೋಡಿಸಲು ದುಡಿದವನೂ ಒಬ್ಬ ಆಂಗ್ಲೇಯನೇ. ಅರೇಬಿಯದ ಲಾರೆನ್ಸ್ ಎಂದು ಹೆಸರಾದವನ ತಮ್ಮ, ಎ. ಡಬ್ಲ್ಯೂ. ಲಾರೆನ್ಸ್ ಎಂಬ ಪ್ರಾಧ್ಯಾಪಕ. ಚರಿತ್ರೆಯಲ್ಲಿ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಎಂದು ಸಾಲಾಗಿ ನಿಲ್ಲುವುದಿಲ್ಲವಷ್ಟೆ.

ಒಳಗೆ ನನಗೆ ವಿವರಿಸಲು ಬಂದವನು ಇಪ್ಪತ್ತೈದರ ಒಳಗಿನ ತರುಣ. ನನ್ನ ನರೆತ ತಲೆಯನ್ನು ನೋಡಿ “ನಾನಾ” ಎಂದು ಕರೆದ. ಅವರ ಅಕಾನ್ ಭಾಷೆಯಲ್ಲಿ ಅದು ಅಜ್ಜನಿಗೂ ಸಲ್ಲುವ ಮಾತು, ಅರಸನಿಗೂ ಸಲ್ಲುವ ಮಾತು. ನಾನು ಮೊದಲ ಅರ್ಥವನ್ನು ಇಟ್ಟುಕೊಂಡೆ.

ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಹಿತ್ತಾಳೆಯ ಪುಟ್ಟ ಗೊಂಬೆಗಳಿದ್ದ ಗಾಜಿನ ಪೆಟ್ಟಿಗೆಯ ಮುಂದೆ. ಬೆರಳ ಗೆಣ್ಣಿನಷ್ಟು ದೊಡ್ಡವು. ಹಕ್ಕಿ, ಮೀನು, ಮೊಸಳೆ, ಪೀಠ, ಗುರಾಣಿ; ಕೆಲವು ಬರೀ ಚೌಕ, ಮೆಟ್ಟಿಲು, ಸುರುಳಿ. ಮಕ್ಕಳ ಆಟಿಕೆ ಎಂದುಕೊಂಡೆ. “ಅಲ್ಲ ನಾನಾ, ಇವು ತೂಕದ ಕಲ್ಲುಗಳು” ಎಂದ ತರುಣ.

ವಿಷಯ ಹೀಗೆ. ಆ ಸೀಮೆಯ ಕಾಡಿನ ಹೊಳೆಗಳಲ್ಲೂ ನೆಲದಲ್ಲೂ ಚಿನ್ನ ಸಿಗುತ್ತಿತ್ತು. ಸುಮಾರು ೧೪೦೦ರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಅಕಾನ್ ಜನರ ನಡುವೆ ಚಿನ್ನದ ಪುಡಿಯೇ ನಾಣ್ಯ. ಪೇಟೆಗೆ ಹೋಗುವವನು ಒಂದು ಚೀಲ ಕಟ್ಟಿಕೊಂಡು ಹೋಗಬೇಕು. ಅದರಲ್ಲಿ ಪುಟ್ಟ ತಕ್ಕಡಿ, ಚಮಚ, ಪುಡಿ ತುಂಬಿದ ಹಿತ್ತಾಳೆಯ ಡಬ್ಬಿ, ಈ ಕಲ್ಲುಗಳು. ಕೊಳ್ಳುವವನು ತನ್ನ ಕಲ್ಲಿನಿಂದ ತೂಗುತ್ತಾನೆ, ಮಾರುವವನು ತನ್ನ ಕಲ್ಲಿನಿಂದ ಮತ್ತೆ ತೂಗುತ್ತಾನೆ. ಇಬ್ಬರಿಗೂ ಒಪ್ಪಿಗೆಯಾದರೆ ವ್ಯಾಪಾರ. ಸಹಾರಾ ಮರಳುಗಾಡನ್ನು ದಾಟಿ ಬಂದ ಮುಸಲ್ಮಾನ ವರ್ತಕರ ಮಿಟ್ಕಲ್ ತೂಕ, ೧೪೭೧ರಲ್ಲಿ ಹಡಗಿನಲ್ಲಿ ಬಂದಿಳಿದ ಪೋರ್ಚುಗೀಸರ ಔನ್ಸು, ಎರಡನ್ನೂ ಅವರು ಅರಗಿಸಿಕೊಂಡು ತಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದರು. ೧೮೧೭ರಲ್ಲಿ ಕುಮಾಸಿಯ ಆಸ್ಥಾನಕ್ಕೆ ಹೋಗಿದ್ದ ಬೌಡಿಚ್ ಎಂಬ ಆಂಗ್ಲೇಯನು, ಅರಸನ ಕಲ್ಲುಗಳು ಊರ ಕಲ್ಲುಗಳಿಗಿಂತ ಮೂರರಲ್ಲೊಂದು ಪಾಲು ಭಾರವೆಂದೂ, ಆ ವ್ಯತ್ಯಾಸದ ಚಿನ್ನ ಅರಮನೆಯ ಅಡಿಗೆಯವರ, ಉಗ್ರಾಣದವರ ಪಾಲಾಗುತ್ತಿತ್ತೆಂದೂ ಬರೆದಿದ್ದಾನೆ. ಉಗ್ರಾಣದವರು ಎಲ್ಲ ದೇಶಗಳಲ್ಲೂ ಉಗ್ರಾಣದವರೇ!

ಈ ಕಲ್ಲುಗಳನ್ನು ಮಾಡುತ್ತಿದ್ದ ಕ್ರಮ ನಮಗೆ ಹೊಸದಲ್ಲ. ಜೇನುಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಹಿತ್ತಾಳೆಯನ್ನು ಹೊಯ್ಯುವುದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ವಿಗ್ರಹ ಎರೆಯುವುದಕ್ಕೆ ಇದೇ ಕ್ರಮವನ್ನು ವಿವರಿಸಿದ್ದಾನೆ. ಅಕಾನ್ ಕಮ್ಮಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ನಿಜವಾದ ಜೀರುಂಡೆಯನ್ನೋ ಕಡಲೆಕಾಯನ್ನೋ ಏಡಿಯ ಕೊಂಡಿಯನ್ನೋ ನೇರವಾಗಿ ಮಣ್ಣಿನೊಳಗಿಟ್ಟು ಸುಟ್ಟು, ಬೂದಿ ಝಾಡಿಸಿ, ಆ ಜಾಗಕ್ಕೆ ಲೋಹ ಸುರಿಯುತ್ತಿದ್ದರು. ಇನ್ನೂರು ವರ್ಷದ ಹಿಂದಿನ ಒಂದು ಕಡಲೆಕಾಯಿ, ಸಿಪ್ಪೆಯ ಗೆರೆಗಳ ಸಮೇತ, ಹಿತ್ತಾಳೆಯಾಗಿ ಉಳಿದುಬಿಟ್ಟಿರುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಸುಬಲ್ಲ, ಮಾತು. ಈ ರೂಪಗಳಲ್ಲಿ ಎಷ್ಟೋ ಒಂದೊಂದು ಗಾದೆ. ಎರಡು ಮೊಸಳೆ, ಒಂದೇ ಹೊಟ್ಟೆ: ಹೊಟ್ಟೆ ಒಂದೇ ಆದರೂ ಬಾಯಿರುಚಿಗಾಗಿ ಎರಡೂ ಕಚ್ಚಾಡುತ್ತವೆ. ನಮ್ಮ ಪಂಚತಂತ್ರದಲ್ಲಿ ಒಂದು ಹೊಟ್ಟೆಗೆ ಎರಡು ತಲೆ ಹೊತ್ತ ಹಕ್ಕಿಯ ಕಥೆ ಬರುತ್ತದೆಯಲ್ಲವೆ, ಅದರ ಬಂಧುವೇ. ಹಾವಿನ ಬಾಯಲ್ಲಿ ಸಿಕ್ಕ ಉದ್ದ ಕೊಕ್ಕಿನ ಹಕ್ಕಿ: ಹಾವು ನೆಲದ ಮೇಲೆ ಬಿದ್ದಿರುತ್ತದೆ, ಹಕ್ಕಿ ಮುಗಿಲಲ್ಲಿ ಹಾರುತ್ತದೆ, ಆದರೂ ದೇವರು ಹಾವಿಗೆ ಹಕ್ಕಿಯನ್ನು ಕೊಟ್ಟ. ಕೊಟ್ಟ ಸಾಲ ಹಿಂದಿರುಗದೆ ಕಾದು ಕುಳಿತ ವರ್ತಕ ಈ ಕಲ್ಲನ್ನು ತಕ್ಕಡಿಗೆ ಹಾಕುವಾಗ ಬಾಯಿ ಬಿಟ್ಟು ಏನಾದರೂ ಹೇಳಬೇಕಾಗಿತ್ತೆ? ಕತ್ತು ತಿರುಗಿಸಿ ತನ್ನ ಬೆನ್ನನ್ನೇ ನೋಡುವ ಹಕ್ಕಿ ಇನ್ನೊಂದು. ಅದರ ಹೆಸರು ಸಂಕೋಫ. ಮರೆತು ಬಂದದ್ದನ್ನು ತರಲು ಹಿಂದಿರುಗುವುದು ತಪ್ಪಲ್ಲ ಎಂದು ಅದರ ಅರ್ಥ.

ಬರೆದಿಟ್ಟವರಿಲ್ಲ ಎಂದಿದ್ದೆನಲ್ಲ! ಬರೆದಿದ್ದರು, ವಾಚಕರೇ. ಹಿತ್ತಾಳೆಯಲ್ಲಿ ಬರೆದು, ಸೊಂಟದ ಚೀಲದಲ್ಲಿಟ್ಟುಕೊಂಡು, ದಿನವೂ ಪೇಟೆಯಲ್ಲಿ ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ನನಗೆ ಓದಲು ಬಂದಿರಲಿಲ್ಲ, ಅಷ್ಟೆ.

“ಇಷ್ಟು ದೊಡ್ಡ ಕಲ್ಲಿನಲ್ಲಿ ಸಣ್ಣ ತೂಕ ಹೇಗೆ?” ಎಂದು ಕೇಳಿದೆ. “ಅದಕ್ಕೆ ಬೀಜ” ಎಂದ ತರುಣ. “ಕೆಂಪು ಬೀಜ, ಒಂದು ಕಡೆ ಕಪ್ಪು. ದಮ್ಮ ಎನ್ನುತ್ತೇವೆ.” ನಾನು ಜೇಬಿನ ಪುಸ್ತಕ ತೆಗೆದು ಗುಲಗಂಜಿಯ ಚಿತ್ರ ಬರೆದು ಕಪ್ಪು ಬೊಟ್ಟಿಟ್ಟು ತೋರಿಸಿದೆ. ಅವನು ನಕ್ಕು ತಲೆಯಾಡಿಸಿದ. ಎಲ್ಮಿನಾ ಕೋಟೆಯಲ್ಲಿದ್ದ ಬಾಸ್ಮನ್ ಎಂಬ ಡಚ್ಚನು ೧೭೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೀಜದ ಪ್ರಸ್ತಾಪವಿದೆ. ಅವನ ಲೆಕ್ಕಕ್ಕೆ ೨೪ ಬೀಜಕ್ಕೆ ಒಂದು ‘ಏಂಜೆಲ್’. ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ತೂಗುವ, ಬೇಲಿಯ ಬಳ್ಳಿಯಲ್ಲಿ ಪುಕ್ಕಟೆ ಸಿಗುವ ಈ ಬೀಜವನ್ನೇ ನಂಬಬಹುದೆಂದು ಅವರ ಅಕ್ಕಸಾಲಿಗನಿಗೂ ನಮ್ಮ ಅಕ್ಕಸಾಲಿಗನಿಗೂ ಹೊಳೆದದ್ದು ಹೇಗೆ? ‘ದಮ್ಮ’ ಎಂದು ಕೇಳಿದೊಡನೆ ನಮ್ಮ ‘ದಮ್ಮಡಿ’ ನನ್ನ ನಾಲಗೆಯ ತುದಿಗೆ ಬಂತೆಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಪದಗಳ ಮುಖ ನೋಡಿ ನೆಂಟಸ್ತನ ಕಟ್ಟುವುದು ನಮ್ಮ ಪಂಡಿತ ವರ್ಗದ ಹಳೆಯ ಚಾಳಿ. ನಮ್ಮದು ದ್ರಮ್ಮದಿಂದ ಬಂದದ್ದು, ಅದು ಗ್ರೀಕರ ನಾಣ್ಯ. ಅವರದು ಅವರ ಬೀಜ. ಬಾಯಿ ಮುಚ್ಚಿಕೊಂಡೆ. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂದು ನಮ್ಮ ಹಿರಿಯರು ಹೇಳುವುದುಂಟು. ಕಪ್ಪು ಹಲಗೆಯ ಮೇಲೆ ನಾನು ಎಳೆಯುತ್ತಿದ್ದ ಗೆರೆ ನೆನಪಾಯಿತು.

ಮುಂದೆ ಕವಡೆಗಳು. ಘಾನಾ ದೇಶದ ಇಂದಿನ ಹಣದ ಹೆಸರು ಸೇಡಿ. ೧೯೬೫ರಲ್ಲಿ ಪೌಂಡನ್ನು ಬಿಟ್ಟು ಸ್ವಂತ ಹಣ ತಂದಾಗ ಅವರು ಆರಿಸಿಕೊಂಡ ಹೆಸರಿದು. ಅಕಾನ್ ಭಾಷೆಯಲ್ಲಿ ಕವಡೆ ಎಂದರ್ಥ. ಕವಡೆ ಕಾಸಿನ ಬೆಲೆಯಿಲ್ಲ ಎನ್ನುವ ನಾವು ಇದನ್ನು ಕೇಳಿ ನಗುವುದು ಬೇಡ. ಆ ಕವಡೆ ಬಹುಪಾಲು ಬರುತ್ತಿದ್ದುದು ನಮ್ಮ ಕಡಲಿನ ಮಾಲ್ಡೀವು ದ್ವೀಪಗಳಿಂದ. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನ ಹೆಸರನ್ನು ನೀವು ಕೇಳಿದ್ದೀರಿ. ನಮ್ಮ ಹೊನ್ನಾವರದಲ್ಲಿ ತಂಗಿ, ಅಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಪಾಠಶಾಲೆಗಳನ್ನು ಕಂಡೆನೆಂದು ಬರೆದವನು ಅವನೇ. ಆತ ಮಾಲ್ಡೀವಿನಲ್ಲಿ ಒಂದು ಚಿನ್ನದ ದೀನಾರಕ್ಕೆ ನಾಲ್ಕು ಲಕ್ಷ ಕವಡೆ ಕೊಡುವುದನ್ನು ಕಂಡ. ಹಲವು ವರ್ಷಗಳ ಮೇಲೆ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ ಹೋದಾಗ ಅದೇ ದೀನಾರಕ್ಕೆ ೧,೧೫೦ ಕವಡೆ ಸಿಗುವುದನ್ನೂ ಕಂಡ. ಈ ಎರಡು ಅಂಕಿಗಳ ನಡುವಿನ ಲಾಭವನ್ನು ಐರೋಪ್ಯ ವರ್ತಕರು ಬಹುಬೇಗ ಗುರುತಿಸಿದರು. ಹಡಗಿನ ತಳಕ್ಕೆ ಭಾರವಾಗಿ ಕವಡೆ ತುಂಬಿಸಿ ಆಂಸ್ಟರ್‌ಡ್ಯಾಂ, ಲಂಡನ್ನುಗಳಲ್ಲಿ ಹರಾಜು ಹಾಕಿ, ಅಲ್ಲಿಂದ ಆಫ್ರಿಕದ ಕರಾವಳಿಗೆ ತಂದರು. ಘಾನಾದಿಂದ ಪೂರ್ವಕ್ಕಿರುವ ದಹೋಮೆಯ ಕರಾವಳಿಯಲ್ಲಿ ಅದರಿಂದ ಮನುಷ್ಯರನ್ನು ಕೊಂಡರು. ನಮ್ಮ ಚೌಕಾಬಾರದ ಮನೆಯಲ್ಲಿ ಉರುಳಿದ ಕವಡೆಯ ಒಡಹುಟ್ಟಿದ್ದು ಅಲ್ಲಿ ಮನುಷ್ಯನ ಕ್ರಯವಾಯಿತು.

ಕಬ್ಬಿಣದ ಕೋಳಗಳ ವಿಷಯವನ್ನು ನಾನು ವಿಸ್ತರಿಸುವುದಿಲ್ಲ. ಪೋರ್ಚುಗೀಸರು ೧೪೮೨ರಲ್ಲಿ ಎಲ್ಮಿನಾದಲ್ಲಿ ಕೋಟೆ ಕಟ್ಟಿದ್ದು ಚಿನ್ನಕ್ಕೆ. ಮುಂದೆ ಅದೂ, ಕೇಪ್ ಕೋಸ್ಟಿನ ಕೋಟೆಯೂ ಜನರನ್ನು ಕೂಡಿಹಾಕುವ ನೆಲಮಾಳಿಗೆಗಳಾದುವು. ಕೋಳಗಳ ಮುಂದೆ ತರುಣನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ರೇಡಿಯೋ ಕೇಳುವವರಾದ ನಿಮಗೆ ನಗಾರಿಗಳ ಮಾತನ್ನು ಹೇಳದೆ ಬಿಡಲಾಗದು. ಅಟುಂಪಾನ್ ಎಂಬ ಜೋಡಿ ನಗಾರಿ. ಒಂದರ ದನಿ ತಗ್ಗು, ಇನ್ನೊಂದರದು ಏರು. ಅಕಾನ್ ನುಡಿಯಲ್ಲಿ ದನಿಯ ಏರುತಗ್ಗಿನಿಂದಲೇ ಅರ್ಥ ಬದಲಾಗುವುದರಿಂದ, ನಗಾರಿ ತಾಳ ಹಾಕುವುದಲ್ಲ, ನಿಜವಾಗಿ ಮಾತಾಡುತ್ತದೆ. ಬಲ್ಲವನು ಅದರಲ್ಲಿ ಅರಸರ ವಂಶಾವಳಿಯನ್ನೇ ನುಡಿಸಬಲ್ಲ. ಅಕ್ರಾದಲ್ಲಿ ರೇಡಿಯೋ ಶುರುವಾದದ್ದು ೧೯೩೫ರ ಜುಲೈ ೩೧ರಂದು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಆರಂಭಿಸಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ! ಸ್ವಾತಂತ್ರ್ಯ ಬಂದ ಮೇಲೆ ಘಾನಾದ ಬಾನುಲಿ ತನ್ನ ಗುರುತಿನ ನಾದವಾಗಿ ಈ ನಗಾರಿಯನ್ನೇ ಇಟ್ಟುಕೊಂಡಿತು. ಅದು ನುಡಿಯುವ ಮಾತು: “ಘಾನಾ, ಕೇಳಿ.”

ಕೊನೆಗೆ ಪೀಠಗಳು. ಒಂದೇ ಮರದ ತುಂಡಿನಲ್ಲಿ ಕೆತ್ತಿದ, ನಡು ಬಾಗಿದ ಮಣೆಗಳು. ಅವುಗಳಲ್ಲಿ ಹೆಸರಾಂತದ್ದು ಅಲ್ಲಿಲ್ಲ, ಇರಲೂ ಕೂಡದು. ಅದು ಅಸಾಂಟೆ ಜನರ ಸುವರ್ಣಪೀಠ. ಆಂಗ್ಲೇಯರು ಆ ಹೆಸರನ್ನು ‘ಅಶಾಂತಿ’ ಎಂದು ಉಚ್ಚರಿಸಿದರು. ನಮ್ಮ ತರಗತಿಗಳಲ್ಲಿ ಅಶಾಂತಿ ಯುದ್ಧ ಎಂದರೆ ಮಕ್ಕಳು ನಗುತ್ತಿದ್ದರು. ಆ ಪೀಠ ಮೊದಲ ಅರಸ ಒಸೈ ಟೂಟುವಿನ ಕಾಲದಲ್ಲಿ ಆಕಾಶದಿಂದ ಇಳಿಯಿತೆಂದು ಅವರ ನಂಬಿಕೆ. ಅದರಲ್ಲಿ ಇಡೀ ಜನಾಂಗದ ಪ್ರಾಣವಿದೆ. ಆದ್ದರಿಂದ ಅರಸನೂ ಅದರ ಮೇಲೆ ಕೂರುವಂತಿಲ್ಲ. ೧೯೦೦ರ ಮಾರ್ಚಿ ೨೮ರಂದು ಗವರ್ನರ್ ಹಾಡ್ಜ್‌ಸನ್ ಕುಮಾಸಿಗೆ ಬಂದು, ಆ ಪೀಠ ಎಲ್ಲಿ, ತಾನು ಅದರ ಮೇಲೆ ಕೂರಬೇಕಲ್ಲವೆ ಎಂದು ಕೇಳಿದ. ಅವರ ಅರಸ ಪ್ರೆಂಪೆಯನ್ನು ೧೮೯೬ರಲ್ಲೇ ಹಿಡಿದು ಗಡಿಪಾರು ಮಾಡಿಯಾಗಿತ್ತು. ಆಗ ಎದ್ದವಳು ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ, ವಯಸ್ಸಾದ ಹೆಂಗಸು. ಯುದ್ಧದಲ್ಲಿ ಸೋತಳು, ಸೇಷೆಲ್ಸ್ ದ್ವೀಪಕ್ಕೆ ಸಾಗಿಸಲ್ಪಟ್ಟು ೧೯೨೧ರಲ್ಲಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಗವರ್ನರನ ಕೈಗೆ ಸಿಗಲಿಲ್ಲ.

ಆದರೆ ಬೇರೆ ಬಹಳಷ್ಟು ಅದಕ್ಕೆ ಮೊದಲೇ ಸಿಕ್ಕಿತ್ತು. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕುಮಾಸಿಯಲ್ಲಿ ಅರಸ ಒಸೈ ಬೊನ್ಸು ೧೮೨೨ರಲ್ಲಿ ಕಲ್ಲಿನ ಮಹಲೊಂದನ್ನು ಕಟ್ಟಿ ಮುಗಿಸಿದ್ದ. ದೇಶದೇಶಗಳಿಂದ ಬಂದ ಅಪರೂಪದ ವಸ್ತುಗಳನ್ನು ಇಡುವ ಮನೆ ಅದು. ೧೮೭೪ರ ಫೆಬ್ರವರಿಯಲ್ಲಿ ಜನರಲ್ ವುಲ್ಸ್‌ಲಿಯ ಸೈನ್ಯ ಕುಮಾಸಿಯನ್ನು ಹಿಡಿದಾಗ ಜೊತೆಯಲ್ಲಿದ್ದ ಪತ್ರಕರ್ತರು ಒಳಗೆ ಹೋಗಿ ನೋಡಿದರು: ಹಲವು ಭಾಷೆಗಳ ಪುಸ್ತಕ, ಗಡಿಯಾರ, ಬೆಳ್ಳಿಯ ಪಾತ್ರೆ, ರತ್ನಗಂಬಳಿ. ಇದನ್ನು ಮ್ಯೂಸಿಯಂ ಎಂದೇ ಕರೆಯಬೇಕು ಎಂದು ಅವರಲ್ಲೊಬ್ಬ ಬರೆದ. ಬೇಕಾದದ್ದನ್ನು ಎತ್ತಿಕೊಂಡ ಮೇಲೆ ಸೈನ್ಯ ಮದ್ದಿಟ್ಟು ಅರಮನೆಯನ್ನು ಹಾರಿಸಿ, ಊರಿಗೆ ಬೆಂಕಿಯಿಟ್ಟು ಹೊರಟುಹೋಯಿತು. ಆಮೇಲೆ ೫೦,೦೦೦ ಔನ್ಸು ಚಿನ್ನದ ದಂಡವನ್ನೂ ವಿಧಿಸಿದರು. ಅಕ್ರಾದಲ್ಲಿ ಗುಮ್ಮಟ ಎದ್ದದ್ದಕ್ಕಿಂತ ೧೩೫ ವರ್ಷ ಹಿಂದೆಯೇ ಆ ನಾಡಿನಲ್ಲಿ ಒಂದು ವಸ್ತುಸಂಗ್ರಹಾಲಯವಿತ್ತು ಎಂದ ಹಾಗಾಯಿತಲ್ಲವೆ? ೧೮೮೯ರಲ್ಲಿ ಚಿನ್ನದ ಪುಡಿಯ ಚಲಾವಣೆಯನ್ನೂ ಸರ್ಕಾರ ರದ್ದು ಮಾಡಿತು. ತೂಕದ ಕಲ್ಲುಗಳು ಒಂದೇ ಸಲಕ್ಕೆ ನಿರುಪಯೋಗಿಯಾಗಿ, ಹಳೆಯ ಹಿತ್ತಾಳೆಯಾಗಿ, ಸಾವಿರಗಟ್ಟಲೆಯಾಗಿ ಯೂರೋಪು ಸೇರಿದುವು. ಗಾಜಿನ ಪೆಟ್ಟಿಗೆಯಲ್ಲಿ ನಾನು ಕಂಡವು ಹೀಗೆ ಹೋಗದೆ ಉಳಿದವು.

“ಕುಮಾಸಿಗೆ ಹೋಗಿ ನಾನಾ, ಹೋದವು ಕೆಲವು ಬಂದಿವೆ” ಎಂದ ತರುಣ. ಕುಮಾಸಿ ಅಕ್ರಾದಿಂದ ವಾಯವ್ಯಕ್ಕೆ ಸುಮಾರು ೨೫೦ ಕಿಲೋಮೀಟರು. ಅಲ್ಲಿನ ಮನ್‌ಹಿಯಾ ಅರಮನೆಯ ಸಂಗ್ರಹಾಲಯಕ್ಕೆ ೨೦೨೪ರಲ್ಲಿ, ಲೂಟಿಯಾಗಿ ೧೫೦ ವರ್ಷ ತುಂಬಿದಾಗ, ಲಂಡನ್ನಿನ ಎರಡು ಸಂಗ್ರಹಾಲಯಗಳಿಂದ ೩೨ ವಸ್ತುಗಳು ಬಂದುವು: ವಿಕ್ಟೋರಿಯ ಮತ್ತು ಆಲ್ಬರ್ಟ್ ಸಂಗ್ರಹಾಲಯದಿಂದ ೧೭, ಬ್ರಿಟಿಷ್ ಮ್ಯೂಸಿಯಮ್ಮಿನಿಂದ ೧೫. ಅಮೆರಿಕದ ಲಾಸ್ ಏಂಜಲೀಸಿನ ಫೌಲರ್ ಸಂಗ್ರಹಾಲಯ ಅದೇ ವರ್ಷ ಏಳು ವಸ್ತುಗಳನ್ನು ಶಾಶ್ವತವಾಗಿಯೇ ಮರಳಿಸಿತು. ಲಂಡನ್ನಿನಿಂದ ಬಂದವು ಹಾಗಲ್ಲ. ಅವು ಮೂರು ವರ್ಷದ ಎರವಲು. ಸಂಗ್ರಹದಿಂದ ಕೊಟ್ಟುಬಿಡಲು ಆ ದೇಶದ ಕಾನೂನು ಬಿಡದಂತೆ. ಪಕ್ಕದ ಮನೆಯವರು ನಿಮ್ಮ ಒರಳುಕಲ್ಲನ್ನು ಹೊತ್ತುಕೊಂಡು ಹೋಗಿ, ಮೂರು ತಲೆಮಾರು ಕಳೆದ ಮೇಲೆ ಹಬ್ಬಕ್ಕೆಂದು ನಿಮಗೇ ಎರವಲು ಕೊಟ್ಟರೆ, ನೀವು ಏನು ಮಾಡುವಿರಿ? ಅಸಾಂಟೆ ಅರಸರು ತೆಗೆದುಕೊಂಡರು. ಜನ ಸಾಲುಗಟ್ಟಿ ಬಂದು ನೋಡಿದರು. “ನನ್ನ ಅಜ್ಜಿಯೂ ಬಂದಿದ್ದಳು. ಗಾಜಿನ ಮುಂದೆ ನಿಂತು ಚಪ್ಪಲಿ ಬಿಟ್ಟಳು” ಎಂದ ತರುಣ.

ಬಾಗಿಲು ಮುಚ್ಚುವ ಹೊತ್ತಾಯಿತು. ಹೊರಗೆ ಮೇಜಿನ ಮೇಲೆ ಸಂದರ್ಶಕರ ಪುಸ್ತಕವಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯೋಣವೆಂದು ಲೇಖನಿ ಹಿಡಿದೆ. ಆ ಭಾಷೆಯಲ್ಲಿ ಹೇಳುವುದೇನೂ ತೋಚಲಿಲ್ಲ. ಕನ್ನಡದಲ್ಲಿ ಹೆಸರು ಬರೆದು, ಊರು ಬರೆದು, ಕೆಳಗೆ ‘ಗುಲಗಂಜಿ’ ಎಂದು ಬರೆದೆ. ಇದೇನೆಂದು ತರುಣ ಕೇಳಿದ. ನಾನು ಮೂರು ಸಲ ಉಚ್ಚರಿಸಿ ತೋರಿಸಿದೆ, ಅವನು ನಾಲ್ಕನೆಯ ಸಲಕ್ಕೆ ಸರಿಯಾಗಿ ಹೇಳಿದ. ಆಮೇಲೆ ಲೇಖನಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕದಲ್ಲಿ ‘ದಮ್ಮ’ ಎಂದು ಅವರ ಅಕ್ಷರದಲ್ಲಿ ಬರೆದ.